ಒಳ್ಳೆಯ ರೈಡ್ ಎಂದರೇನು? ಚೆನ್ನೈನ ಹೊಸ ಪಾರ್ಕ್ ಎಬ್ಬಿಸಿದ ಪ್ರಶ್ನೆ

2025ರ ಡಿಸೆಂಬರ್ ಮೊದಲ ವಾರದಲ್ಲಿ ಚೆನ್ನೈನ ದಕ್ಷಿಣಕ್ಕೆ, ಓಎಂಆರ್ ಎಂದು ಎಲ್ಲರೂ ಕರೆಯುವ ಹಳೆಯ ಮಹಾಬಲಿಪುರಂ ರಸ್ತೆಯ ತಿರುಪ್ಪೋರೂರು ಬಳಿಯ ಇಳ್ಳಲೂರಿನಲ್ಲಿ ವಂಡರ್‌ಲಾ ಪಾರ್ಕ್ ಬಾಗಿಲು ತೆರೆಯಿತು. ಸುಮಾರು 64 ಎಕರೆ ಜಾಗ, 611 ಕೋಟಿ ರೂಪಾಯಿ ಬಂಡವಾಳ, 43 ರೈಡ್‌ಗಳು. ಅವುಗಳಲ್ಲಿ ಮೊದಲ ದಿನದಿಂದಲೂ ಹೆಚ್ಚು ಮಾತಿಗೆ ಬಂದದ್ದು ತಂಜೋರಾ ಎಂಬ ರೋಲರ್ ಕೋಸ್ಟರ್. ಸ್ವಿಟ್ಸರ್ಲೆಂಡಿನ ಬೋಲಿಗರ್ ಆ್ಯಂಡ್ ಮಾಬಿಲ್ಯಾರ್ ಕಂಪನಿ ತಯಾರಿಸಿದ ಇನ್‌ವರ್ಟೆಡ್ ಕೋಸ್ಟರ್ ಭಾರತಕ್ಕೆ ಬಂದದ್ದು ಇದೇ ಮೊದಲು. ಇದರಲ್ಲಿ ಹಳಿ ತಲೆಯ ಮೇಲಿರುತ್ತದೆ, ಆಸನ ಅದರ ಕೆಳಗೆ ತೂಗುತ್ತದೆ, ಕೂತವರ ಕಾಲಿಗೆ ನೆಲವೇ ಇರುವುದಿಲ್ಲ. ಇದು ನಿಜಕ್ಕೂ ಒಳ್ಳೆಯ ವಿನ್ಯಾಸವೇ, ಅಥವಾ ಚೆನ್ನೈ ಜನ ಇಂಥದ್ದನ್ನು ಈವರೆಗೆ ಕಾಣದಿದ್ದ ಕಾರಣಕ್ಕೆ ಹಾಗೆ ತೋರುತ್ತಿದೆಯೇ ಎಂಬ ಚರ್ಚೆ ರೈಡ್ ಅಭಿಮಾನಿಗಳಲ್ಲಿ ನಡೆಯುತ್ತಿದೆ. ಬಿಡದಿಯ ವಂಡರ್‌ಲಾ ನೋಡಿರುವ ಕನ್ನಡಿಗರು, ಮುಂಬೈ–ಪುಣೆ ದಾರಿಯ ಇಮ್ಯಾಜಿಕಾ ಸುತ್ತಿ ಬಂದವರು, ಸಿಂಗಪುರ ಅಥವಾ ಫ್ಲಾರಿಡಾ ಕಂಡವರು ತಂತಮ್ಮ ಅಳತೆಗೋಲು ಹಿಡಿದೇ ಮಾತಿಗಿಳಿಯುತ್ತಾರೆ. ಒಬ್ಬರ ಅಳತೆ ಇನ್ನೊಬ್ಬರ ಅಳತೆಗೆ ತಾಳೆಯಾಗುವುದಿಲ್ಲ. ಆ ಅಳತೆಗೋಲುಗಳು ಎಲ್ಲಿಂದ ಬಂದವು, ಪ್ರತಿಯೊಂದೂ ಯಾವುದನ್ನು ಸರಿಯಾಗಿ ಅಳೆಯುತ್ತದೆ, ಯಾವುದನ್ನು ಕೈಬಿಡುತ್ತದೆ ಎಂದು ನೋಡುವುದು ಈ ಲೇಖನದ ಕೆಲಸ.

ತೊಟ್ಟಿಲಿನಿಂದ ಕೋಸ್ಟರ್‌ಗೆ

ಚೆನ್ನೈಗೆ ರೈಡ್ ಹೊಸದಲ್ಲ. ಪೊಂಗಲ್ ಆಸುಪಾಸಿನಲ್ಲಿ ಐಲ್ಯಾಂಡ್ ಗ್ರೌಂಡ್ಸ್‌ನಲ್ಲಿ ನಡೆಯುವ ಪ್ರವಾಸೋದ್ಯಮ ವಸ್ತುಪ್ರದರ್ಶನದ ಜೈಂಟ್ ವ್ಹೀಲ್ ಹತ್ತದೆ ಬೆಳೆದವರು ಆ ಊರಿನಲ್ಲಿ ಕಡಿಮೆ. 1880ರಲ್ಲಿ ಶುರುವಾದ ಮೈಸೂರು ದಸರಾ ವಸ್ತುಪ್ರದರ್ಶನವೂ ನಮ್ಮ ಜಾತ್ರೆಗಳ ತೊಟ್ಟಿಲೂ ಇದೇ ಪರಂಪರೆಯವು. ಅಲ್ಲಿ ಪ್ರತಿ ಆಟಕ್ಕೂ ಬೇರೆ ಚೀಟಿ. ಇಷ್ಟವಾದರೆ ಇನ್ನೊಂದು ಚೀಟಿ ಕೊಳ್ಳುವುದು, ಆಗದಿದ್ದರೆ ಮುಂದಕ್ಕೆ ನಡೆಯುವುದು. ವಿಮರ್ಶೆ ಅಲ್ಲಿಗೇ ಮುಗಿಯುತ್ತಿತ್ತು. ಕಾಯಂ ಪಾರ್ಕ್‌ಗಳು ದೊಡ್ಡ ಮಟ್ಟದಲ್ಲಿ ಬಂದದ್ದು 1984ರ ನವೆಂಬರಿನಲ್ಲಿ ದೆಹಲಿಯ ಪ್ರಗತಿ ಮೈದಾನದಲ್ಲಿ ಅಪ್ಪು ಘರ್, 1989ರಲ್ಲಿ ಮುಂಬೈಯ ಗೋರಾಯಿಯಲ್ಲಿ ಎಸ್ಸೆಲ್‌ವರ್ಲ್ಡ್ ಶುರುವಾದ ಮೇಲೆ. ಚೆನ್ನೈನ ಪೂರ್ವ ಕರಾವಳಿ ರಸ್ತೆಯಲ್ಲಿ ವಿಜಿಪಿ, ಮುಟ್ಟುಕಾಡಿನಲ್ಲಿ ಎಂಜಿಎಂ ಡಿಜ್ಜಿ ವರ್ಲ್ಡ್ ಬಂದವು. 1995ರಲ್ಲಿ ತಾಂಬರಂ ಕಡೆ ಕಿಷ್ಕಿಂಧಾ ಬಂತು. ಅದನ್ನು ಕಟ್ಟಿದವರು ನವೋದಯ ಅಪ್ಪಚ್ಚನ್, 1984ರಲ್ಲಿ ದೇಶದ ಮೊದಲ ತ್ರೀಡಿ ಚಿತ್ರ ‘ಮೈ ಡಿಯರ್ ಕುಟ್ಟಿಚ್ಚಾತನ್’ ನಿರ್ಮಿಸಿದ ಅದೇ ಮಲಯಾಳಂ ನಿರ್ಮಾಪಕರು. ಸಿನಿಮಾದಲ್ಲಿ ಕಣ್ಣಿಗೆ ಕೊಟ್ಟ ಬೆರಗನ್ನು ನೆಲದ ಮೇಲೆ ಮೈಗೂ ಕೊಡಬಹುದು ಎಂಬ ಕಲ್ಪನೆ ದಕ್ಷಿಣ ಭಾರತದಲ್ಲಿ ಎಷ್ಟು ಮುಂಚೆಯೇ ಇತ್ತು ಎಂಬುದಕ್ಕೆ ಇದೊಂದು ಸಾಕ್ಷಿ.

ಮುಂದಿನ ಹಂತ ಕೊಚ್ಚಿಯದು. ವಿ–ಗಾರ್ಡ್ ಕಂಪನಿಯ ಕೊಚೌಸೇಪ್ ಚಿಟ್ಟಿಲಪ್ಪಿಳ್ಳಿ 2000ದಲ್ಲಿ ಅಲ್ಲಿ ವೀಗಾಲ್ಯಾಂಡ್ ತೆರೆದರು, ಅದೇ ಮುಂದೆ ವಂಡರ್‌ಲಾ ಆಯಿತು. 2005ರಲ್ಲಿ ಬಿಡದಿ, 2016ರಲ್ಲಿ ಹೈದರಾಬಾದ್, 2024ರಲ್ಲಿ ಭುವನೇಶ್ವರ ಬಂದವು. ಚೆನ್ನೈ ಯೋಜನೆಗೂ ಬಹಳ ಹಿಂದೆಯೇ ಜಾಗ ನೋಡಿಯಾಗಿತ್ತು. ಆದರೆ ಜಿಎಸ್‌ಟಿಯ ಮೇಲೆ ತಮಿಳುನಾಡು ಸ್ಥಳೀಯ ಸಂಸ್ಥೆಗಳಿಗಾಗಿ ವಿಧಿಸುತ್ತಿದ್ದ ಮನರಂಜನಾ ತೆರಿಗೆ ದೊಡ್ಡ ತೊಡಕಾಯಿತು, ಅದರಿಂದ ವಿನಾಯಿತಿ ಸಿಗುವತನಕ ಕೆಲಸ ನಿಂತಿತ್ತು. ಈ ಹೊತ್ತಿಗೆ ಒಂದೇ ಟಿಕೆಟ್ಟಿಗೆ ಎಲ್ಲ ರೈಡ್ ಎಂಬ ಪದ್ಧತಿ ಗಟ್ಟಿಯಾಗಿತ್ತು. ಅಮೆರಿಕದ ಡಿಸ್ನಿಲ್ಯಾಂಡ್ ಕೂಡ ಬಿಡಿ ಚೀಟಿಗಳ ಪುಸ್ತಕ ಕೈಬಿಟ್ಟದ್ದು 1982ರಲ್ಲಿ. ಇದು ಲೆಕ್ಕಪತ್ರದ ಸಂಗತಿಯಂತೆ ಕಂಡರೂ ವಿಮರ್ಶೆಯ ಬುನಾದಿಯನ್ನೇ ಬದಲಿಸಿತು. ಪ್ರತಿ ರೈಡಿಗೂ ದುಡ್ಡು ತೆತ್ತಾಗ ಯಾವುದು ಚೆನ್ನಾಗಿದೆ ಎಂಬುದನ್ನು ಗಲ್ಲಾಪೆಟ್ಟಿಗೆಯೇ ಹೇಳುತ್ತಿತ್ತು. ಈಗ ಆ ಮಾಪನ ಇಲ್ಲ. ಬಂದವರು ರೈಡಿಗೆ ತೆರುವುದು ಸರತಿಯಲ್ಲಿ ನಿಂತ ಹೊತ್ತನ್ನು, ಮತ್ತು ಆ ಹೊತ್ತು ಸಾರ್ಥಕವಾಯಿತೇ ಎಂಬ ಮಾತಿನಿಂದಲೇ ಅಭಿಮಾನಿಗಳ ವಾದ ಹುಟ್ಟುತ್ತದೆ.

ಎತ್ತರ, ವೇಗ ಮತ್ತು ‘ದೇಶದಲ್ಲೇ ಮೊದಲು’

ಎಲ್ಲಕ್ಕಿಂತ ಹಳೆಯದೂ ಗಟ್ಟಿ ದನಿಯದೂ ಆದ ಪಂಥ ಅಂಕಿಗಳದು. ಎಷ್ಟು ಮೀಟರ್ ಎತ್ತರ, ಗಂಟೆಗೆ ಎಷ್ಟು ಕಿಲೋಮೀಟರ್, ಎಷ್ಟು ಸಲ ತಲೆಕೆಳಗು. ಜಾಹೀರಾತಿನ ಭಾಷೆ ಇದೇ, ಸುದ್ದಿಮನೆಗಳ ಭಾಷೆಯೂ ಇದೇ. ಇಮ್ಯಾಜಿಕಾದ ನೈಟ್ರೋ ಕೂಡ ಬೋಲಿಗರ್ ಆ್ಯಂಡ್ ಮಾಬಿಲ್ಯಾರ್ ತಯಾರಿಕೆಯೇ. 2013ರಲ್ಲಿ ಅದು ಬಂದಾಗ ದೇಶದ ಅತಿ ದೊಡ್ಡ ಕೋಸ್ಟರ್ ಎಂಬುದೇ ಅದರ ಪರಿಚಯವಾಗಿತ್ತು. ಈಗ ತಂಜೋರಾ–ನೈಟ್ರೋ ಹೋಲಿಕೆಯೂ ಬಹುಮಟ್ಟಿಗೆ ಎತ್ತರ–ವೇಗದ ಪಟ್ಟಿಯಿಂದಲೇ ಶುರುವಾಗುತ್ತದೆ. ಈ ಪಂಥವನ್ನು ಪೂರ್ತಿ ತಳ್ಳಿಹಾಕಲಾಗದು. ಮೇಲೆತ್ತಿ ಬಿಡುವ ಕೋಸ್ಟರಿಗೆ ಎತ್ತರವಿಲ್ಲದೆ ವೇಗವಿಲ್ಲ, ವೇಗವಿಲ್ಲದೆ ಮುಂದಿನ ಸುತ್ತುಗಳಿಗೆ ಬೇಕಾದ ಶಕ್ತಿಯಿಲ್ಲ. ಸಂಖ್ಯೆ ಎಲ್ಲರಿಗೂ ಒಂದೇ, ಅದರಲ್ಲಿ ಮುಲಾಜಿಲ್ಲ.

ಆದರೆ ದಾಖಲೆಯೇ ಗುಣಮಟ್ಟವಾಗಿದ್ದರೆ ಅಮೆರಿಕದ ನ್ಯೂಜೆರ್ಸಿಯ ಕಿಂಗ್ಡಾ ಕಾ ಇವತ್ತಿಗೂ ನಿಂತಿರಬೇಕಿತ್ತು. 2005ರಲ್ಲಿ 139 ಮೀಟರ್ ಎತ್ತರ, ಗಂಟೆಗೆ 206 ಕಿಲೋಮೀಟರ್ ವೇಗದೊಂದಿಗೆ ಜಗತ್ತಿನ ಅತಿ ಎತ್ತರದ ಕೋಸ್ಟರ್ ಎನಿಸಿಕೊಂಡ ಅದು ಪದೇಪದೇ ಕೆಟ್ಟು ನಿಲ್ಲುವುದಕ್ಕೂ ಹೆಸರಾಗಿತ್ತು. 2025ರ ಫೆಬ್ರುವರಿಯಲ್ಲಿ ಅದನ್ನು ಸ್ಫೋಟಿಸಿ ಕೆಡವಲಾಯಿತು. ತದ್ವಿರುದ್ಧ ಉದಾಹರಣೆ ಇಂಗ್ಲೆಂಡಿನ ಆಲ್ಟನ್ ಟವರ್ಸ್‌ನ ನೆಮೆಸಿಸ್. ಅಲ್ಲಿ ಮರಗಳ ನೆತ್ತಿಗಿಂತ ಮೇಲೆ ಏನನ್ನೂ ಕಟ್ಟುವಂತಿರಲಿಲ್ಲ. ಜಾನ್ ವಾರ್ಡ್‌ಲಿ ಮತ್ತು ಅದೇ ಸ್ವಿಸ್ ಕಂಪನಿಯವರು ಬಂಡೆ ಕೊರೆದು ಹೊಂಡ ತೋಡಿ, ಹಳಿಯನ್ನು ಅದರೊಳಕ್ಕೆ ಇಳಿಸಿದರು. ಗಂಟೆಗೆ 80 ಕಿಲೋಮೀಟರ್ ಆಸುಪಾಸಿನ ವೇಗವಷ್ಟೇ ಇದ್ದರೂ, ಕಾಲಿನ ಪಕ್ಕದಲ್ಲೇ ಬಂಡೆ ಸರಿದುಹೋಗುವುದರಿಂದ ಅದು ಎರಡು ಪಟ್ಟು ಜೋರಾಗಿ ಕಾಣುತ್ತದೆ. 1994ರ ಆ ರೈಡ್ ಎಷ್ಟು ಪ್ರಿಯವೆಂದರೆ, ಹಳಿ ಸವೆದಾಗ ಪಾರ್ಕ್ ಅದನ್ನು ತೆಗೆದುಹಾಕಲಿಲ್ಲ. ಬಹುತೇಕ ಅದೇ ಹಾದಿಯಲ್ಲಿ ಹೊಸ ಹಳಿ ಹಾಕಿ 2024ರಲ್ಲಿ ಮತ್ತೆ ತೆರೆಯಿತು. ತಂಜೋರಾ ಕೂಡ ಅದೇ ವಂಶದ ರೈಡ್ ಆದ್ದರಿಂದ ಚೆನ್ನೈ ಚರ್ಚೆಗೆ ಇದು ನೇರವಾಗಿ ಸಂಬಂಧಿಸಿದೆ. ಇನ್‌ವರ್ಟೆಡ್ ಕೋಸ್ಟರಿನ ರುಚಿ ಅರ್ಧ ಇರುವುದು ಕಾಲಿಗೆ ಏನು ಹತ್ತಿರ ಬರುತ್ತದೆ ಎಂಬುದರಲ್ಲಿ. ಬಯಲಿನಲ್ಲಿ ಎತ್ತರವಾಗಿ ನಿಲ್ಲಿಸಿದರೆ ಆ ರುಚಿ ಬಹಳಷ್ಟು ಸೋರಿಹೋಗುತ್ತದೆ. ಓಎಂಆರ್ ಸುತ್ತಲಿನ ಸಪಾಟು ನೆಲದಲ್ಲಿ ನೆಲವೇ ವಿನ್ಯಾಸಕ್ಕೆ ಒದಗಿಬರುವುದಿಲ್ಲ. ಬಂಡೆ, ನೀರು, ಕಾಲುದಾರಿ ಎಲ್ಲವನ್ನೂ ಕೈಯಾರೆ ಕಟ್ಟಬೇಕು.

ದೇಹದ ಲೆಕ್ಕ

ಎರಡನೆಯ ಪಂಥದವರು ಅಂಕಿ ಬಿಟ್ಟು ಮೈಯನ್ನು ಕೇಳುತ್ತಾರೆ. ಪಳಗಿದ ಅಭಿಮಾನಿಗಳಲ್ಲಿ ಹೆಚ್ಚಿನವರು ಕೊನೆಗೆ ಬಂದು ಸೇರುವುದು ಇಲ್ಲಿಗೆ, ಮತ್ತು ಅದಕ್ಕೆ ಒಳ್ಳೆಯ ಕಾರಣವಿದೆ. ಪೂರ್ಣ ವೃತ್ತಾಕಾರದ ಲೂಪ್ ಒಂದನ್ನು ಊಹಿಸಿ. ರೈಲು ನೆತ್ತಿಯನ್ನು ಬೀಳದೆ ದಾಟುವಷ್ಟು ಕನಿಷ್ಠ ವೇಗ ಇಟ್ಟರೂ, ಬುಡದಲ್ಲಿ ಕೂತವರ ಮೇಲೆ ತಮ್ಮ ತೂಕದ ಆರು ಪಟ್ಟು ಭಾರ ಬೀಳುತ್ತದೆ. ಇದು ಶಾಲೆಯ ಭೌತಶಾಸ್ತ್ರದ ಲೆಕ್ಕ, ತಪ್ಪಿಸಲು ದಾರಿಯಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕೋನಿ ಐಲ್ಯಾಂಡಿನಲ್ಲಿ ಇಂಥ ದುಂಡು ಲೂಪ್ ಕಟ್ಟಿ ಜನರ ಕುತ್ತಿಗೆ ನೋಯಿಸಿದ ಮೇಲೆ ಆ ಕಲ್ಪನೆ ದಶಕಗಳ ಕಾಲ ಮೂಲೆಗೆ ಬಿತ್ತು. 1976ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಜಿಕ್ ಮೌಂಟನ್‌ನ ರೆವಲ್ಯೂಷನ್ ಕೋಸ್ಟರಿಗಾಗಿ ಜರ್ಮನಿಯ ಆಂಟನ್ ಶ್ವಾರ್ಟ್ಸ್‌ಕಾಫ್ ಮತ್ತು ಎಂಜಿನಿಯರ್ ವೆರ್ನರ್ ಸ್ಟೆಂಗೆಲ್ ಲೂಪನ್ನು ನೀರಹನಿಯ ಆಕಾರಕ್ಕೆ ತಂದರು. ಬುಡದಲ್ಲಿ ಅಗಲ, ನೆತ್ತಿಯಲ್ಲಿ ಬಿಗಿ. ವೇಗ ಹೆಚ್ಚಿರುವಲ್ಲಿ ತಿರುವು ಸಡಿಲ, ಕಡಿಮೆಯಿರುವಲ್ಲಿ ತಿರುವು ಚಿಕ್ಕದು. ಭಾರ ಸಹಿಸುವ ಮಟ್ಟಕ್ಕಿಳಿಯಿತು, ತಲೆಕೆಳಗಾಗುವ ಕೋಸ್ಟರುಗಳ ಯುಗ ಶುರುವಾಯಿತು.

ಸ್ಟೆಂಗೆಲ್ ಹೆಸರಿನೊಂದಿಗೆ ಬರುವ ಇನ್ನೊಂದು ವಿಚಾರವೂ ಅಷ್ಟೇ ಮುಖ್ಯ. ಹಳಿ ಮಗ್ಗುಲಾಗುವಾಗ ಹಳಿಯನ್ನೇ ಅಕ್ಷವಾಗಿಟ್ಟರೆ ಅದರಿಂದ ದೂರವಿರುವ ತಲೆ ದೊಡ್ಡ ಕಮಾನಿನಲ್ಲಿ ಬೀಸಿ ಹೋಗುತ್ತದೆ, ಭುಜದ ಪಟ್ಟಿಗೆ ಕಿವಿ ಬಡಿಯುತ್ತದೆ. ಅದರ ಬದಲು ಕೂತವರ ಎದೆಯ ಮಟ್ಟದಲ್ಲಿ ಒಂದು ಕಲ್ಪಿತ ಗೆರೆ ಎಳೆದು, ಎಲ್ಲ ತಿರುಗುವಿಕೆಯೂ ಆ ಗೆರೆಯ ಸುತ್ತ ನಡೆಯುವಂತೆ ಹಳಿಯನ್ನು ಬಾಗಿಸಿದರೆ ಮೈ ನಿಂತಲ್ಲೇ ತಿರುಗಿದ ಹಾಗಾಗುತ್ತದೆ. ಆಗ ಹಳಿ ಹೊರಗಿನಿಂದ ನೋಡುವವರಿಗೆ ಅಂಕುಡೊಂಕಾಗಿ ಕಾಣುತ್ತದೆ, ಕೂತವರಿಗೆ ನುಣುಪಾಗಿರುತ್ತದೆ. 1992ರಲ್ಲಿ ಷಿಕಾಗೋ ಬಳಿಯ ಪಾರ್ಕಿನಲ್ಲಿ ಬೋಲಿಗರ್ ಆ್ಯಂಡ್ ಮಾಬಿಲ್ಯಾರ್ ತಮ್ಮ ಮೊದಲ ಇನ್‌ವರ್ಟೆಡ್ ಕೋಸ್ಟರ್ ‘ಬ್ಯಾಟ್‌ಮನ್’ ತೆರೆದಾಗ ಮೆಚ್ಚುಗೆ ಗಳಿಸಿದ್ದು ಈ ಹಿಡಿತಕ್ಕೆ. ಎರಡು ವರ್ಷದ ನಂತರ ನೆದರ್ಲೆಂಡ್ಸಿನ ವೆಕೋಮಾ ಕಂಪನಿ ಇದೇ ಕಲ್ಪನೆಯ ತನ್ನ ಮಾದರಿ ತಂದು ಜಗತ್ತಿನಾದ್ಯಂತ ಮಾರಿತು. ಚಿತ್ರದಲ್ಲಿ ಎರಡೂ ಅಕ್ಕಪಕ್ಕದ ಮನೆಯವರಂತಿವೆ. ಆದರೆ ವೆಕೋಮಾದ ಆ ಹಳೆಯ ಮಾದರಿ ತಲೆ ಬಡಿಯುವುದಕ್ಕೆ ಕುಖ್ಯಾತ. ಬಗೆ ಒಂದೇ ಆದರೂ ಮಿಲಿಮೀಟರುಗಳ ಲೆಕ್ಕದಲ್ಲಿ ಅನುಭವ ಬೇರೆಯಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಆದರೂ ಈ ಪಂಥದೊಳಗೇ ಜಗಳವಿದೆ. ಒಂದು ಬಣಕ್ಕೆ ನುಣುಪೇ ಕಲೆ. ಇನ್ನೊಂದು ಬಣಕ್ಕೆ ಅತಿ ನುಣುಪು ಸಪ್ಪೆ. ಆಸನದಿಂದ ಮೈ ಎದ್ದು ಹೋಗುವ ಕ್ಷಣಗಳು, ಹಠಾತ್ ತಿರುವುಗಳು ಅವರಿಗೆ ಬೇಕು. ಇವರಲ್ಲಿ ಯಾರು ಸರಿ ಎಂದು ಮತ ಹಾಕಿ ತಿಳಿಯುವ ಪ್ರಯತ್ನಗಳೂ ನಡೆದಿವೆ. ಅಮೆರಿಕದ ಮಿಚ್ ಹಾಕರ್ 1990ರ ದಶಕದಲ್ಲಿ ಆರಂಭಿಸಿದ ಮತಗಣನೆ ಒಂದು ಜಾಣ ಉಪಾಯ ಮಾಡಿತು. ಎರಡು ರೈಡುಗಳನ್ನೂ ಹತ್ತಿದವರ ಮತವನ್ನು ಮಾತ್ರ ಆ ಜೋಡಿಯ ಹೋಲಿಕೆಗೆ ಎಣಿಸುವುದು. ಇದರಿಂದ ಹೆಚ್ಚು ಜನ ಬರುವ ಪಾರ್ಕಿಗೆ ಸುಮ್ಮನೆ ಸಿಗುವ ಲಾಭ ತಪ್ಪುತ್ತದೆ. ಚೆನ್ನೈಗೆ ಈ ವಿಧಾನ ಹೊಂದಿಸುವುದು ಕಷ್ಟ. ತಂಜೋರಾ ಹತ್ತುವ ಬಹುಪಾಲು ಜನರಿಗೆ ಅದೇ ಮೊದಲ ದೊಡ್ಡ ಕೋಸ್ಟರ್. ಅವರ ಮೆಚ್ಚುಗೆ ಸುಳ್ಳಲ್ಲ, ಆದರೆ ಅದು ಹೋಲಿಕೆಯಿಂದ ಬಂದದ್ದೂ ಅಲ್ಲ. ಹತ್ತು ದೇಶ ಸುತ್ತಿದ ಅಭಿಮಾನಿಯ ಮೂಗುಮುರಿತವನ್ನೇ ತೀರ್ಪೆಂದು ಒಪ್ಪುವುದೂ ಸರಿಯಲ್ಲ, ರೈಡ್ ಕಟ್ಟಿದ್ದು ಅವರೊಬ್ಬರಿಗಾಗಿಯಲ್ಲ.

ಕಥೆ ಬೇಕೆನ್ನುವವರು

1955ರ ಡಿಸ್ನಿಲ್ಯಾಂಡ್‌ನಿಂದ ಬೆಳೆದ ಪಂಥಕ್ಕೆ ಹಳಿಯೊಂದೇ ವಿನ್ಯಾಸವಲ್ಲ. ಸರತಿಯ ಗೋಡೆ, ಬೆಳಕು, ಸಂಗೀತ, ಪಾತ್ರಗಳು ಎಲ್ಲ ಸೇರಿ ಒಂದು ಲೋಕವಾಗಬೇಕು. ಭಾರತದಲ್ಲಿ ಇಮ್ಯಾಜಿಕಾ ‘ಮಿಸ್ಟರ್ ಇಂಡಿಯಾ’ ಸಿನಿಮಾವನ್ನೇ ರೈಡ್ ಮಾಡಿ ಈ ದಾರಿ ಹಿಡಿಯಿತು. ಚೆನ್ನೈ ಪಾರ್ಕ್ ದ್ರಾವಿಡ ಶೈಲಿಯ ವಾಸ್ತುವಿನ ಛಾಯೆಗಳನ್ನು ತಂದು, ತನ್ನ ಮುಖ್ಯ ಕೋಸ್ಟರಿಗೆ ತಂಜಾವೂರನ್ನು ನೆನಪಿಸುವ ಹೆಸರಿಟ್ಟಿದೆ. ಕಥಾಪಂಥದವರ ಆಕ್ಷೇಪ ಎಂದರೆ ಹೆಸರು ಮತ್ತು ಗೋಪುರ ಸಾಲವು, ಹಳಿಯ ಹಾದಿಗೂ ಆ ಊರಿಗೂ ಏನು ನಂಟು ಎಂಬುದು. ಆಕ್ಷೇಪ ನ್ಯಾಯವಾದದ್ದು. ಸಾವಿರ ವರ್ಷದ ಶಿಲ್ಪಪರಂಪರೆ, ಗೊಂಬೆ, ನೃತ್ಯ, ಸಿನಿಮಾ ಇರುವ ನೆಲದಲ್ಲಿ ಕಥೆಗೆ ಬರವಿಲ್ಲ.

ಆದರೆ ಕಥೆಯೇ ಗುಣಮಟ್ಟ ಎನ್ನುವವರು ಎದುರಿಸಲೇಬೇಕಾದ ಒಂದು ಉದಾಹರಣೆ ಡಿಸ್ನಿಯದೇ ಇದೆ. 2006ರಲ್ಲಿ ಫ್ಲಾರಿಡಾದಲ್ಲಿ ತೆರೆದ ‘ಎಕ್ಸ್‌ಪೆಡಿಷನ್ ಎವರೆಸ್ಟ್’ ಕೋಸ್ಟರಿನ ಕೊನೆಯಲ್ಲಿ ಹಿಮಮಾನವ ಕೈ ಬೀಸಿ ಮೇಲೆರಗಬೇಕಿತ್ತು. ಬೃಹತ್ ಯಂತ್ರದ ಆ ಗೊಂಬೆ ತೆರೆದ ಕೆಲವೇ ತಿಂಗಳಲ್ಲಿ ಚಲಿಸುವುದನ್ನು ನಿಲ್ಲಿಸಿತು. ಬಿಚ್ಚಿ ರಿಪೇರಿ ಮಾಡಲು ಬೆಟ್ಟವನ್ನೇ ಕೆದಕಬೇಕಾದಂತೆ ಅದನ್ನು ಕೂರಿಸಲಾಗಿತ್ತು. ಅಂದಿನಿಂದ ಮಿಣುಕುದೀಪ ಹಾಕಿ ಅದು ಚಲಿಸುತ್ತಿದೆಯೆಂಬ ಭ್ರಮೆ ಹುಟ್ಟಿಸುತ್ತಿದ್ದಾರೆ. ಕಥೆ ಅದ್ಭುತ, ಶಿಲ್ಪ ಅದ್ಭುತ. ರಿಪೇರಿಗೆ ಕೈ ಹೋಗುವ ದಾರಿಯನ್ನು ಮಾತ್ರ ಬಿಟ್ಟಿರಲಿಲ್ಲ.

ಕ್ಯಾಟಲಾಗಿನ ರೈಡ್, ಕೊಚ್ಚಿಯ ರೈಡ್

ಸಿದ್ಧ ಮಾದರಿಯನ್ನು ಕೊಳ್ಳುವುದು ಸೋಮಾರಿತನ ಎಂಬ ವಾದ ವಿದೇಶಿ ಅಭಿಮಾನಿಗಳಿಂದ ಇಲ್ಲಿಗೂ ಬಂದಿದೆ. 1992ರ ಬ್ಯಾಟ್‌ಮನ್ ಹಾದಿಯನ್ನೇ ಹಲವು ಪಾರ್ಕುಗಳಲ್ಲಿ ಮರುಕಟ್ಟಲಾಗಿದೆ. ಆದರೆ ತಾನು ಹತ್ತುವ ರೈಡಿನಂಥದ್ದೇ ಟೆಕ್ಸಾಸಿನಲ್ಲೂ ಇದ್ದರೆ ಚೆನ್ನೈನ ಪೆರಂಬೂರಿನ ಹುಡುಗಿಗೆ ನಷ್ಟವೇನೂ ಇಲ್ಲ. ಸಾವಿರಾರು ಸಲ ಓಡಿ ಪರೀಕ್ಷೆಯಾದ ವಿನ್ಯಾಸ ಎಂಬುದು ಲಾಭವೇ. ಇನ್ನೊಂದು ಬದಿಯಲ್ಲಿ ವಂಡರ್‌ಲಾ ತನ್ನ ಹಲವು ರೈಡುಗಳನ್ನು ಕೊಚ್ಚಿಯ ಸ್ವಂತ ಕಾರ್ಖಾನೆಯಲ್ಲೇ ತಯಾರಿಸುತ್ತದೆ. ದೊಡ್ಡ ಹೆಸರಿನ ವಿದೇಶಿ ರೈಡಿಗೆ ಹೋಲಿಸಿ ಇವನ್ನು ಎರಡನೇ ದರ್ಜೆ ಎಂದು ಕರೆಯುವುದು ರೂಢಿ. ಅದು ಆತುರದ ಮಾತು. ಬಿಡಿಭಾಗ ಹಡಗಿನಲ್ಲಿ ಬರಬೇಕಾದ ಯಂತ್ರಕ್ಕೂ ಕೊಚ್ಚಿಯಿಂದ ಲಾರಿಯಲ್ಲಿ ಬರುವ ಯಂತ್ರಕ್ಕೂ ವರ್ಷದಲ್ಲಿ ಎಷ್ಟು ದಿನ ಓಡುತ್ತದೆ ಎಂಬ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸವಾಗಬಹುದು.

ಓಡಿಸುವುದೂ ವಿನ್ಯಾಸವೇ

ಇಷ್ಟು ಪಂಥಗಳೂ ಒಂದೇ ವಸ್ತುವನ್ನು ಅಳೆಯುತ್ತವೆ. ಅದು ಎರಡು ನಿಮಿಷದ ಓಟ, ಅದೂ ಹೊಸದಾಗಿರುವಾಗಿನದು. ನನ್ನ ವಾದ ಇಷ್ಟು. ಸರತಿಯ ಕೊನೆಯಲ್ಲಿ ನಿಂತವರಿಗೂ, ಮೇ ತಿಂಗಳ ಅಗ್ನಿನಕ್ಷತ್ರದ ಬಿಸಿಲಿನಲ್ಲೂ, ಹತ್ತನೆಯ ವರ್ಷದಲ್ಲೂ ಆ ಓಟ ಸಿಗುತ್ತದೆಯೇ ಎಂಬುದನ್ನು ಕೇಳದೆ ವಿನ್ಯಾಸದ ಗುಣಮಟ್ಟ ಹೇಳಲಾಗದು. ಒಂದು ಸರಳ ಲೆಕ್ಕ ನೋಡಿ. ನಾಲ್ವರು ಕೂರುವ ಏಳು ಸಾಲಿನ ರೈಲು ಎಂದುಕೊಳ್ಳೋಣ, ಒಮ್ಮೆಗೆ 28 ಜನ. ಒಂದೇ ರೈಲು ನಾಲ್ಕು ನಿಮಿಷಕ್ಕೊಮ್ಮೆ ಹೊರಟರೆ ಗಂಟೆಗೆ 420 ಜನ, ಏಳು ಗಂಟೆಯಲ್ಲಿ 2940. ದಿನಕ್ಕೆ ಆರು ಸಾವಿರ ಜನ ಬಂದರೆ ಅರ್ಧಕ್ಕಿಂತ ಹೆಚ್ಚು ಮಂದಿ ಹತ್ತದೆಯೇ ಮನೆಗೆ ಹೋಗುತ್ತಾರೆ. ಎರಡು ರೈಲು ಓಡಿದರೆ, ಹೊರಡುವ ಅಂತರ ಎರಡು ನಿಮಿಷಕ್ಕಿಳಿದರೆ, ಬಹುತೇಕ ಎಲ್ಲರಿಗೂ ಒಂದು ಸರದಿ. ಎರಡನೆಯ ರೈಲು ಓಡಬೇಕಾದರೆ ಹಳಿಯನ್ನು ಬ್ಲಾಕುಗಳಾಗಿ ಹಂಚಿರಬೇಕು, ಒಂದು ಬ್ಲಾಕಿನಲ್ಲಿ ಒಂದೇ ರೈಲು ಇರುವಂತೆ ಬ್ರೇಕುಗಳನ್ನು ಸರಿಯಾದ ಜಾಗದಲ್ಲಿ ಇಟ್ಟಿರಬೇಕು. ಇವೆಲ್ಲ ನಕ್ಷೆ ಬರೆಯುವಾಗಲೇ ತೀರ್ಮಾನವಾಗುವ ಸಂಗತಿಗಳು.

ಪ್ಲಾಟ್‌ಫಾರ್ಮನ್ನೇ ಹತ್ತಿರದಿಂದ ನೋಡಿದರೂ ಇದು ತಿಳಿಯುತ್ತದೆ. ಕಾಲು ತೂಗುವ ರೈಡಿನಲ್ಲಿ ಸಡಿಲ ಚಪ್ಪಲಿಗೆ ಜಾಗವಿಲ್ಲ, ಬಿಚ್ಚಿಡಬೇಕು. ದುಪಟ್ಟಾ, ಮೊಬೈಲು, ಕನ್ನಡಕ ಎಲ್ಲ ಎಲ್ಲಾದರೂ ಇಡಬೇಕು. ಇಡುವ ಗೂಡು ಹತ್ತುವ ಬದಿಯಲ್ಲಿದೆಯೋ ಇಳಿಯುವ ಬದಿಯಲ್ಲಿದೆಯೋ ಎಂಬುದರ ಮೇಲೆ ಪ್ರತಿ ಓಟಕ್ಕೂ ಅರ್ಧ ನಿಮಿಷ ಹೆಚ್ಚುಕಡಿಮೆಯಾಗುತ್ತದೆ. ಬರಿಗಾಲಿನಲ್ಲಿ ನಿಲ್ಲುವ ನೆಲಕ್ಕೆ ನೆರಳಿಲ್ಲದಿದ್ದರೆ ಮೇ ತಿಂಗಳಲ್ಲಿ ಅದು ಹಿಂಸೆ. ತಮಿಳುನಾಡಿನ ಶಾಲೆಗಳಿಗೆ ರಜೆ ಇರುವುದೂ ಅದೇ ತಿಂಗಳು, ಜನ ಹೆಚ್ಚು ಬರುವುದೂ ಆಗಲೇ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಹಿಂಗಾರು, ಚಂಡಮಾರುತ, ಗಾಳಿ. ವರ್ಷವಿಡೀ ಕಡಲ ಕಡೆಯಿಂದ ಉಪ್ಪಿನ ತೇವ. ಬಿಡದಿಯ ಹವೆಯಲ್ಲಿ ಇಪ್ಪತ್ತು ವರ್ಷ ಬಾಳುವ ಬೋಲ್ಟು ಇಲ್ಲಿ ಅಷ್ಟೇ ಬಾಳುತ್ತದೆ ಎಂದು ಎಣಿಸುವಂತಿಲ್ಲ.

ಇದು ವಿನ್ಯಾಸವಲ್ಲ, ನಿರ್ವಹಣೆ ಎಂಬ ಆಕ್ಷೇಪ ಸಹಜ. ಒಳ್ಳೆಯ ರೈಡನ್ನು ಕೆಟ್ಟದಾಗಿ ನಡೆಸಿದರೆ ವಿನ್ಯಾಸಕಾರರ ತಪ್ಪೇನು? ಕೆಲವು ಸಲ ಈ ಮಾತು ನಿಜ. ಆದರೆ 2025ರ ಮೇ ಕೊನೆಯಲ್ಲಿ ಪೂರ್ವ ಕರಾವಳಿ ರಸ್ತೆಯ ಪಾರ್ಕೊಂದರಲ್ಲಿ ರೈಡ್ ಕೆಟ್ಟು ಮೂವತ್ತಕ್ಕೂ ಹೆಚ್ಚು ಜನ ಗಂಟೆಗಟ್ಟಲೆ ಎತ್ತರದಲ್ಲೇ ಸಿಕ್ಕಿಕೊಂಡರು, ಅವರನ್ನು ಕೆಳಗಿಳಿಸಲು ಅಗ್ನಿಶಾಮಕ ದಳದ ಎತ್ತರದ ಏಣಿ ಗಾಡಿ ಬರಬೇಕಾಯಿತು. ಕೆಡುವುದು ಯಂತ್ರದ ಸ್ವಭಾವ. ಕೆಟ್ಟಾಗ ಜನ ಎಲ್ಲಿ ನಿಲ್ಲುತ್ತಾರೆ, ಅಲ್ಲಿಗೆ ಮೆಟ್ಟಿಲಿದೆಯೇ, ಹೊರಗಿನ ಸಹಾಯವಿಲ್ಲದೆ ಇಳಿಸಬಹುದೇ ಎಂಬುದು ಪೂರ್ತಿ ವಿನ್ಯಾಸದ ಪ್ರಶ್ನೆ. ಇನ್ನೊಂದು ಆಕ್ಷೇಪ, ಹೀಗೆ ಅಳೆದರೆ ಮಂದವಾದ, ಸುರಕ್ಷಿತವಾದ ರೈಡೇ ಗೆದ್ದುಬಿಡುತ್ತದೆ ಎಂಬುದು. ಹಾಗಾಗಬೇಕಿಲ್ಲ. ಸುಮಾರು ಮೂವತ್ತು ವರ್ಷ ಓಡಿ ಹೊಸ ಹಳಿಯೊಂದಿಗೆ ಮರಳಿದ ನೆಮೆಸಿಸ್ ಯಾವ ಲೆಕ್ಕದಲ್ಲೂ ಮಂದವಲ್ಲ. ಬಾಳಿಕೆ ಮತ್ತು ರೋಮಾಂಚನ ಎರಡನ್ನೂ ಒಂದೇ ನಕ್ಷೆಯಲ್ಲಿ ಕೂಡಿಸಬಹುದು ಎಂಬುದು ಅಲ್ಲಿ ಸಾಬೀತಾಗಿದೆ.

ಇನ್ನೂ ಇತ್ಯರ್ಥವಾಗದ್ದು

ಮೊದಲ ತೊಡಕು ಪುರಾವೆಯದು. ರೈಡ್‌ಗಳ ಸುರಕ್ಷತೆಗೆ ಭಾರತೀಯ ಮಾನಕ ಸಂಸ್ಥೆಯ ಐಎಸ್ 15475 ಸಂಹಿತೆ ಇದೆ, ಪಾರ್ಕ್ ಉದ್ಯಮಕ್ಕೆ 1999ರಿಂದ ತನ್ನದೇ ಸಂಘವಿದೆ. ಆದರೆ ಯಾವ ರೈಡ್ ವರ್ಷದಲ್ಲಿ ಎಷ್ಟು ಗಂಟೆ ನಿಂತಿತ್ತು, ಗಂಟೆಗೆ ಎಷ್ಟು ಜನರನ್ನು ಒಯ್ದಿತು, ಎಷ್ಟು ಸಲ ಜನರನ್ನು ಮಧ್ಯದಲ್ಲಿ ಇಳಿಸಬೇಕಾಯಿತು ಎಂಬುದನ್ನು ಸಾರ್ವಜನಿಕರಿಗೆ ಒಂದೆಡೆ ತಿಳಿಸುವ ವ್ಯವಸ್ಥೆ ದೇಶದಲ್ಲಿಲ್ಲ. ಆ ಅಂಕಿಗಳಿಲ್ಲದೆ ಮೇಲಿನ ವಾದವನ್ನು ಪಾರ್ಕಿನಿಂದ ಪಾರ್ಕಿಗೆ ಪರೀಕ್ಷಿಸುವುದು ಸಾಧ್ಯವಿಲ್ಲ. ಎರಡನೆಯದು ರುಚಿಯದು. ಇಂದು ಮೊದಲ ಸಲ ಹತ್ತುತ್ತಿರುವ ಚೆನ್ನೈ ಜನ ಐದು ವರ್ಷದ ಮೇಲೆ ನುಣುಪನ್ನು ಬಯಸುತ್ತಾರೋ, ಇನ್ನೂ ಬಿರುಸನ್ನು ಕೇಳುತ್ತಾರೋ, ಅಥವಾ ಕುಟುಂಬದ ಮೂರು ತಲೆಮಾರು ಒಟ್ಟಿಗೆ ಕೂರುವ ನಿಧಾನದ ರೈಡಿಗೇ ಮರಳುತ್ತಾರೋ ಎಂಬುದನ್ನು ವಿದೇಶದ ಮತಗಣನೆಗಳಿಂದ ಊಹಿಸಲಾಗದು. ಮೂರನೆಯದು ನೆಲದ ಕಥೆ. ತಮಿಳು ಅಥವಾ ಕನ್ನಡ ಲೋಕದಿಂದ ಹುಟ್ಟಿದ ಕಥೆಯೊಂದು ಹಳಿಯ ಹಾದಿಯನ್ನೇ ನಿರ್ಧರಿಸಿದ ದೊಡ್ಡ ಕೋಸ್ಟರ್ ದಕ್ಷಿಣದಲ್ಲಿ ಇನ್ನೂ ಬಂದಿಲ್ಲ. ಬಂದರೆ ಅದರ ಖರ್ಚಿಗೆ ಟಿಕೆಟ್ ದರ ಎಷ್ಟು ಏರಬಹುದು, ಆ ದರಕ್ಕೆ ಯಾರು ಹೊರಗುಳಿಯುತ್ತಾರೆ ಎಂಬುದಕ್ಕೂ ಉತ್ತರ ಬೇಕು. ಇನ್ನು ಉಪ್ಪುಗಾಳಿ ಇಳ್ಳಲೂರಿನ ಉಕ್ಕಿನ ಮೇಲೆ ಏನು ಮಾಡುತ್ತದೆ ಎಂಬುದು 2035ರ ಸುಮಾರಿಗಷ್ಟೇ ತಿಳಿಯಬಹುದು. ತಂಜೋರಾದ ಬಗ್ಗೆ ಈಗ ನಡೆಯುತ್ತಿರುವ ವಾದದಲ್ಲಿ ಎರಡೂ ಕಡೆಯವರು ಮುಟ್ಟದೆ ಬಿಟ್ಟಿರುವುದು ಅದನ್ನೇ.